ಕಂತು ಮೊದಲು, ಸಾಲ ಆಮೇಲೆ

ಮೊದಲ ಮನೆಗೆ ದುಡ್ಡು ಕೂಡಿಸುತ್ತಿರುವವರು ತಮ್ಮ ಕಷ್ಟ ಬರೆದು ಕಳಿಸಿ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಕೇಳಿದ್ದೆ. ಬಂದ ಪತ್ರಗಳ ಕಟ್ಟು ಈಗ ನನ್ನ ಮೇಜಿನ ಮೇಲಿದೆ. ಎಲ್ಲವನ್ನೂ ಓದಿದೆ, ಕೆಲವನ್ನು ಎರಡೆರಡು ಸಲ ಓದಿದೆ. ಹೊಸ ಓದುಗರಿಗೆ ಒಂದು ಮಾತು. ನಾನು 27 ವರ್ಷ ಬ್ಯಾಂಕಿನ ಮನೆ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವಳು. ನಮ್ಮ ಸ್ವಂತ ಮನೆಗೆ ದುಡ್ಡು ಕೂಡಿಸಲು ನನಗೂ ನಮ್ಮ ಯಜಮಾನರಿಗೂ 9 ವರ್ಷ ಹಿಡಿಯಿತು. ಅದರಲ್ಲಿ 3 ವರ್ಷ ಹೇಗೆ ಕೈತಪ್ಪಿ ಹೋಯಿತು ಅನ್ನೋದನ್ನು ಕೆಳಗೆ ಒಂದು ಉತ್ತರದಲ್ಲಿ ಬರೆದಿದ್ದೇನೆ.

ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಪತ್ರ ಮೊದಲು, ಅದರ ಕೆಳಗೆ ನನ್ನ ಉತ್ತರ. ಲೆಕ್ಕ ಎಲ್ಲರಿಗೂ ಹೊಂದಲಿ ಅಂತ ಮೊದಲ ಉತ್ತರದಲ್ಲಿ ತಿಂಗಳ ಸಂಬಳವನ್ನು 100 ಎಂದು ಹಿಡಿದಿದ್ದೇನೆ. ನಿಮ್ಮ ಸಂಬಳ ಎಷ್ಟೇ ಇರಲಿ, ಅದನ್ನು ನೂರು ಪಾಲು ಮಾಡಿ ಓದಿಕೊಳ್ಳಿ.

ಅಕ್ಕಾ, ನನಗೆ 29, ನಮ್ಮವರಿಗೆ 32. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬಾಡಿಗೆ ಮನೆ. ತಿಂಗಳ ಕೊನೆಗೆ ಉಳಿದದ್ದನ್ನು ಮನೆಗೆ ಅಂತ ಎತ್ತಿಡೋಣ ಅಂದುಕೊಳ್ಳುತ್ತೇವೆ, ಏನೂ ಉಳಿಯುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಬೇರೆ ಇದೆ. ನಾಲ್ಕು ವರ್ಷದಿಂದ ಇದೇ ಕತೆ. ಎಲ್ಲಿಂದ ಶುರು ಮಾಡಬೇಕು?

ತಂಗಿ, ತಿಂಗಳ ಕೊನೆಗೆ ಯಾರಿಗೂ ಉಳಿಯುವುದಿಲ್ಲ. ನಿಮಗಿಂತ ಎರಡರಷ್ಟು ದುಡಿಯುವವರೂ ನನ್ನ ಮೇಜಿನ ಮುಂದೆ ಕೂತು ಇದೇ ಮಾತು ಹೇಳಿದ್ದಾರೆ. ಕೈಗೆ ಸಿಗುವ ದುಡ್ಡಿಗೆ ತಾನಾಗಿ ಒಂದು ಖರ್ಚು ಹುಟ್ಟಿಕೊಳ್ಳುತ್ತದೆ. ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕ್ರಮ ಒಂದನ್ನು ಬದಲಿಸಿ.

ಮೊದಲು ಕಾರ್ಡಿನ ಬಾಕಿ. ತಿಂಗಳಿಗೆ 3 ಪರ್ಸೆಂಟ್ ಅಂದರೆ ಸಣ್ಣದಾಗಿ ಕಾಣುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ಅದು ವರ್ಷಕ್ಕೆ 42 ಪರ್ಸೆಂಟ್ ದಾಟುತ್ತದೆ. ಯಾವ ಉಳಿತಾಯ ಖಾತೆಯೂ ಅದಕ್ಕೆ ಸಮ ಬರುವುದಿಲ್ಲ. ಆ ಬಾಕಿ ಇಟ್ಟುಕೊಂಡು ಮನೆಗೆ ದುಡ್ಡು ಕೂಡಿಸುವುದು, ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಅದು ತೀರುವ ತನಕ ಎಲ್ಲಾ ಶಕ್ತಿ ಅಲ್ಲೇ ಹಾಕಿ. ಆರು ತಿಂಗಳಾಗಲಿ, ಹತ್ತು ತಿಂಗಳಾಗಲಿ. ಅದು ವ್ಯರ್ಥವಾದ ಕಾಲ ಅಲ್ಲ. ಮನೆಯ ಕೆಲಸವೇ ಅದು.

ಆಮೇಲಿನದು ನಾನು ಎಲ್ಲರಿಗೂ ಹೇಳುವ ಮಾತು: ಸಾಲ ತಗೊಳ್ಳುವ ಮೊದಲೇ ಕಂತು ಕಟ್ಟಲು ಶುರು ಮಾಡಿ.

ಹೇಗೆ ಅಂತೀರಾ? ನಿಮ್ಮಿಬ್ಬರ ಸಂಬಳ ಸೇರಿ 100 ಅಂದುಕೊಳ್ಳೋಣ. ಬಾಡಿಗೆ 22. ನಾಳೆ ಮನೆ ತಗೊಂಡರೆ ಕಂತು 37ರ ಹತ್ತಿರ ಬರಬಹುದು. ಅದಕ್ಕಿಂತ ಜಾಸ್ತಿ ಬೇಡ, ಉಸಿರು ಕಟ್ಟುತ್ತದೆ. 37ರಲ್ಲಿ 22 ಕಳೆದರೆ 15. ಈ 15ನ್ನು ಸಂಬಳ ಬಂದ ಮರುದಿನವೇ ಬೇರೆ ಖಾತೆಗೆ ಹಾಕಿ. ಆ ಖಾತೆಗೆ ಕಾರ್ಡ್ ಬೇಡ, ಫೋನಿನಲ್ಲಿ ಆ್ಯಪ್ ಬೇಡ. ದುಡ್ಡು ತಾನಾಗಿ ಹೋಗುವ ಹಾಗೆ ಬ್ಯಾಂಕಿಗೆ ಒಂದು ಸಲ ಬರೆದುಕೊಟ್ಟುಬಿಡಿ. ಈಗ ನೀವು ತಿಂಗಳಿಗೆ 37 ಕಟ್ಟುವವರ ಹಾಗೆಯೇ ಬದುಕುತ್ತಿದ್ದೀರಿ. 22 ಮನೆ ಮಾಲೀಕರಿಗೆ, 15 ನಿಮಗೇ.

ಇದರಿಂದ ಎರಡು ಲಾಭ. ದುಡ್ಡು ಕೂಡುತ್ತದೆ, ಅದು ಒಂದು. ಇನ್ನೊಂದು ನನ್ನ ಕಣ್ಣಿಗೆ ಇನ್ನೂ ದೊಡ್ಡದು: ಆ ಕಂತು ನಿಮ್ಮ ಕೈಯಲ್ಲಿ ಆಗುತ್ತದೋ ಇಲ್ಲವೋ ಅನ್ನೋದು ಸಾಲ ತಲೆ ಮೇಲೆ ಬರುವ ಮೊದಲೇ ಗೊತ್ತಾಗುತ್ತದೆ. ಮೂರನೇ ತಿಂಗಳಿಗೇ ತಡೆಯಲಾರದೆ ಆ ಖಾತೆಯಿಂದ ವಾಪಸ್ ತೆಗೆದಿರಾ? ಹಾಗಾದರೆ ನಿಮಗೆ 37ರ ಮನೆ ಬೇಡ, 30ರ ಮನೆ ಸಾಕು. ಈ ಪಾಠವನ್ನು ಸಾಲ ಸಿಕ್ಕ ಮೇಲೆ ಕಲಿತವರನ್ನು ನಾನು ನೋಡಿದ್ದೇನೆ. ನಾಲ್ಕು ಕಂತು ತಪ್ಪಿಸಿ, ಮುಖ ಬಾಡಿಸಿಕೊಂಡು ಬಂದು ಕೂರುತ್ತಿದ್ದರು. ಅವರಿಗೆ ನೋಟೀಸು ಬರೆಯುವ ಕೆಲಸ ನನ್ನದಾಗಿತ್ತು. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಸಂಬಳ ಏರಿದಾಗ ಏನು ಮಾಡಬೇಕು ಅನ್ನೋದನ್ನು ಏರುವ ಮೊದಲೇ ತೀರ್ಮಾನ ಮಾಡಿ. ರಿಚರ್ಡ್ ಥೇಲರ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದಾರೆ, 2017ರಲ್ಲಿ ನೊಬೆಲ್ ಪಡೆದವರು. ಅವರೂ ಶ್ಲೋಮೋ ಬೆನಾರ್ಟ್ಜಿ ಎಂಬವರೂ ಸೇರಿ ಒಂದು ಕಂಪನಿಯ ಕೆಲಸಗಾರರ ಜೊತೆ ಒಂದು ಪ್ರಯೋಗ ಮಾಡಿದರು. ‘ಈಗ ಏನೂ ಕೊಡಬೇಡಿ, ಮುಂದೆ ಸಂಬಳ ಏರಿದಾಗಲೆಲ್ಲ ಅದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ’ ಅಂತ ಮೊದಲೇ ಒಪ್ಪಿಗೆ ಪಡೆದರು. ಸಂಬಳದ 3.5 ಪರ್ಸೆಂಟ್ ಉಳಿಸುತ್ತಿದ್ದವರು 40 ತಿಂಗಳಲ್ಲಿ 13.6 ಪರ್ಸೆಂಟಿಗೆ ಬಂದರು. 2004ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೈಗೆ ಬಂದು ರೂಢಿಯಾದ ದುಡ್ಡನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಇನ್ನೂ ಬಾರದ ದುಡ್ಡನ್ನು ಬಿಟ್ಟುಕೊಡಲು ಸುಲಭವಾಗಿ ಒಪ್ಪುತ್ತದೆ.

ನಿಮ್ಮ ಲೆಕ್ಕಕ್ಕೇ ಹಾಕಿ ನೋಡೋಣ. ತಿಂಗಳಿಗೆ 15ರಂತೆ ಐದು ವರ್ಷ ಹಾಕಿದರೆ ಅಸಲು 900, ಅಂದರೆ ಇವತ್ತಿನ 9 ತಿಂಗಳ ಸಂಬಳ. ಸಂಬಳ ವರ್ಷಕ್ಕೆ 8 ಪರ್ಸೆಂಟ್ ಏರಿ, ಏರಿದ್ದರಲ್ಲಿ ಅರ್ಧ ಮನೆ ಖಾತೆಗೆ ಹೋದರೆ 15, 19, 23, 28, 33 ಹೀಗೆ ಬೆಳೆಯುತ್ತದೆ. ಐದು ವರ್ಷಕ್ಕೆ ಅಸಲೇ 14 ತಿಂಗಳ ಸಂಬಳ ದಾಟುತ್ತದೆ. ಉಳಿದ ಅರ್ಧ ನಿಮಗೆ. ಚೆನ್ನಾಗಿ ಖರ್ಚು ಮಾಡಿ. ಮನೆ ಬರುವ ತನಕ ಏನೂ ಬೇಡ ಅಂತ ಕೂತರೆ ಒಂದು ದಿನ ಕಟ್ಟೆ ಒಡೆಯುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನು ಒಬ್ಬರ ಪಾಸ್‌ಬುಕ್ ತೋರಿಸಿಯೇ ಹೇಳಬೇಕು. ಸಾಲ ಕೇಳಲು ಬಂದಿದ್ದ ಒಬ್ಬರು ಮೂರು ಪಾಸ್‌ಬುಕ್ಕುಗಳನ್ನು ರಬ್ಬರ್ ಬ್ಯಾಂಡ್ ಸುತ್ತಿ ತಂದಿದ್ದರು. ಬ್ಯಾಂಡ್ ಹಳೆಯದಾಗಿ ರಟ್ಟಿಗೆ ಅಂಟಿಕೊಂಡಿತ್ತು, ಬಿಡಿಸಿದಾಗ ಕಂದು ಗೆರೆ ಉಳಿಯಿತು. ಒಂದು ಪುಸ್ತಕದಲ್ಲಿ ಪ್ರತಿ ತಿಂಗಳು 3ನೇ ತಾರೀಖು, ಒಂದೇ ಮೊತ್ತ. ನಾನು ಬೆರಳಿಟ್ಟು ಎಣಿಸಿದೆ. 62 ತಿಂಗಳಲ್ಲಿ 61 ಸಲ ದುಡ್ಡು ಬಿದ್ದಿತ್ತು. ತಪ್ಪಿದ ಆ ಒಂದು ತಿಂಗಳು ಏನಾಯಿತು ಅಂತ ಕೇಳಿದೆ. ಹೆಂಡತಿ ಆಸ್ಪತ್ರೆಯಲ್ಲಿದ್ದರಂತೆ. ಅವರು ಎರಡನೇ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಆ ತಿಂಗಳ ಹಣವೆಲ್ಲ ಅದರಿಂದ ಹೋಗಿತ್ತು. ಮನೆಯ ಪುಸ್ತಕದಿಂದ ಒಂದು ಪೈಸೆ ತೆಗೆದಿರಲಿಲ್ಲ. ‘ಅದು ಮನೇದು ಮೇಡಂ, ಇದು ಕಷ್ಟಕ್ಕೆ ಅಂತಲೇ ಇಟ್ಟಿದ್ದು’ ಅಂದರು.

ಆ ಎರಡನೇ ಪುಸ್ತಕ ನಿಮಗೂ ಬೇಕು. ಮೂರು ತಿಂಗಳ ಖರ್ಚಿನಷ್ಟು ಮೊದಲು ಅಲ್ಲಿ ತುಂಬಿ, ಆಮೇಲೆ ನಿಧಾನಕ್ಕೆ ಆರು ತಿಂಗಳಿಗೆ ಏರಿಸಿ. ಅದಿಲ್ಲದಿದ್ದರೆ ಮೊದಲ ಜ್ವರಕ್ಕೇ ಮನೆಯ ದುಡ್ಡು ಕರಗುತ್ತದೆ.

ಮೇಡಂ, ನನಗೆ 27. ಐದು ವರ್ಷದಲ್ಲಿ ಮನೆ ತಗೋಬೇಕು. ಬ್ಯಾಂಕಿನ ಆರ್‌ಡಿ ಬಡ್ಡಿ ನೋಡಿದರೆ ಬೇಜಾರಾಗುತ್ತದೆ. ಗೆಳೆಯರೆಲ್ಲ ಶೇರಿಗೆ ಹಾಕು, ಡಬಲ್ ಆಗುತ್ತೆ ಅಂತಾರೆ. ಹಾಕಲಾ?

ಲೆಕ್ಕ ಹಾಕಿಯೇ ಮಾತಾಡೋಣ, ಆಯ್ತಾ? ತಿಂಗಳಿಗೆ 1,000 ರೂಪಾಯಿಯಂತೆ 60 ತಿಂಗಳು ಹಾಕುತ್ತೀರಿ. ಅಸಲು 60,000. ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ, ತಿಂಗಳಿಗೊಮ್ಮೆ ಸೇರುತ್ತದೆ ಅಂದುಕೊಂಡರೆ ಕೊನೆಗೆ ಸುಮಾರು 69,800 ಸಿಗುತ್ತದೆ. ಈಗ ಗೆಳೆಯರ ಮಾತು ನಂಬಿ ಎರಡರಷ್ಟು, 12 ಪರ್ಸೆಂಟ್ ಸಿಕ್ಕಿತು ಅನ್ನಿ. ಆಗ 81,700. ಸಂತೋಷವೇ. ಆದರೆ 6 ಪರ್ಸೆಂಟಿನಲ್ಲೇ ಇದ್ದು 1,000ದ ಬದಲು 1,200 ಹಾಕಿದ್ದರೆ? 83,700.

ಇನ್ನೊಂದು ಸಲ ಓದಿ. ಐದು ವರ್ಷದ ಮಟ್ಟಿಗೆ, ಬಡ್ಡಿಯನ್ನು ಎರಡರಷ್ಟು ಮಾಡುವುದಕ್ಕಿಂತ ಉಳಿತಾಯವನ್ನು ಐದರಲ್ಲಿ ಒಂದು ಪಾಲು ಏರಿಸುವುದು ಜಾಸ್ತಿ ಕೊಡುತ್ತದೆ. ಕಾರಣ ಸರಳ. ಕೊನೆಯ ವರ್ಷ ಹಾಕಿದ ದುಡ್ಡಿಗೆ ಬೆಳೆಯಲು ಸಮಯವೇ ಇರುವುದಿಲ್ಲ. ಬಡ್ಡಿಯ ಬಲ ಕಾಣಲು ಇಪ್ಪತ್ತು, ಮೂವತ್ತು ವರ್ಷ ಬೇಕು. ನಿವೃತ್ತಿಗೆ ಅಂತ ಇಡುವ ದುಡ್ಡಾದರೆ ನಾನೂ ಶೇರಿನ ಕಡೆಯೇ ಕೈ ತೋರಿಸುತ್ತೇನೆ.

ಇನ್ನು 12 ಪರ್ಸೆಂಟ್ ಸಿಕ್ಕೇ ಸಿಗುತ್ತದೆ ಅಂತ ಬರೆದುಕೊಟ್ಟವರು ಯಾರು? 2008ರಲ್ಲಿ ಎಷ್ಟೋ ದೇಶಗಳ ಶೇರು ಪೇಟೆ ತನ್ನ ಎತ್ತರದಿಂದ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು. 2020ರ ಮಾರ್ಚಿನಲ್ಲಿ ಕೆಲವೇ ವಾರಗಳಲ್ಲಿ ಮೂರನೇ ಒಂದು ಭಾಗದಷ್ಟು ಕರಗಿದ್ದನ್ನು ನೀವೇ ನೋಡಿದ್ದೀರಿ. ಅರ್ಧಕ್ಕೆ ಬಿದ್ದದ್ದು ಮೊದಲಿನ ಜಾಗಕ್ಕೆ ಬರಬೇಕಾದರೆ ನೂರಕ್ಕೆ ನೂರು ಏರಬೇಕು. ಪೇಟೆ ಏರಿತು, ನಿಜ. ಆದರೆ ಕಾಯಲು ಆಗುವವರಿಗೆ ಮಾತ್ರ ಅದು ದಕ್ಕಿತು. ಮನೆ ಕೊಳ್ಳುವವರಿಗೆ ತಾರೀಖು ಇರುತ್ತದೆ. ಮಾರುವವರು ಪೇಟೆ ಏರಲಿ ಅಂತ ನಿಮಗೋಸ್ಕರ ಕಾಯುವುದಿಲ್ಲ.

ಐದು ವರ್ಷದೊಳಗೆ ಬೇಕಾದ ದುಡ್ಡು ಆರ್‌ಡಿ, ಎಫ್‌ಡಿಯಲ್ಲೇ ಇರಲಿ. ಎಫ್‌ಡಿ ಮಾಡುವಾಗ ಇಡೀ ಮೊತ್ತಕ್ಕೆ ಒಂದೇ ರಸೀದಿ ಬೇಡ, ಐದಾರು ಸಣ್ಣವು ಮಾಡಿಸಿ. ಅರ್ಜೆಂಟಿಗೆ ಒಂದನ್ನು ಮುರಿಸಿದರೆ ಉಳಿದವು ಹಾಗೇ ಇರುತ್ತವೆ. ಬಡ್ಡಿ ಕಮ್ಮಿ ಅಂತ ಬೇಜಾರಾದ ದಿನ, ಆ 200 ಎಲ್ಲಿಂದ ತರಬಹುದು ಅಂತ ಹುಡುಕಿ. ಸಂಜೆ ಹೊತ್ತಿನ ಒಂದು ಸಣ್ಣ ಕೆಲಸ, ಇನ್ನೊಬ್ಬರ ಜೊತೆ ಹಂಚಿಕೊಂಡ ಕೋಣೆ, ಒಂದು ವರ್ಷ ಮುಂದೆ ಹಾಕಿದ ಹೊಸ ಫೋನ್. ನಿಮ್ಮ ಬುದ್ಧಿ, ಸಮಯ ಆ ಕಡೆ ಹೋಗಲಿ.

ಮನೆ ಬೆಲೆಯ 20 ಪರ್ಸೆಂಟ್ ನಮ್ಮ ಕೈಯಿಂದ ಹಾಕಿದರೆ ಉಳಿದದ್ದು ಬ್ಯಾಂಕ್ ಕೊಡುತ್ತದೆ ಅಂತ ಕೇಳಿದ್ದೇನೆ. ಐದು ವರ್ಷದ ಗುರಿಯಾಗಿ ಅಷ್ಟು ಸಾಕಾ?

ಸಾಕಾಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳದೆ ಇರೋದು ನನಗೆ ಬಹಳ ಸಂಕಟದ ವಿಷಯ. ಕೊನೆಯ ವಾರದಲ್ಲಿ ಕೈಸಾಲಕ್ಕೆ ಓಡಾಡುವವರನ್ನು ಅಷ್ಟು ನೋಡಿದ್ದೇನೆ.

ಇವತ್ತು 100 ಇರುವ ಮನೆ ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಐದು ವರ್ಷಕ್ಕೆ 134 ಆಗುತ್ತದೆ. ಅದರ 20 ಪರ್ಸೆಂಟ್ ಅಂದರೆ 27. ನೀವು ಇವತ್ತಿನ ಬೆಲೆ ನೋಡಿ 20 ಕೂಡಿಸಿಕೊಂಡು ಹೋದರೆ 7 ಕಮ್ಮಿ. ಬೆಲೆ ಯಾವಾಗ ಎರಡರಷ್ಟಾಗುತ್ತದೆ ಅಂತ ಬಾಯಲ್ಲೇ ಲೆಕ್ಕ ಹಾಕಲು ಒಂದು ಹಳೆಯ ದಾರಿ ಇದೆ: 72ನ್ನು ಏರಿಕೆಯ ಪರ್ಸೆಂಟಿನಿಂದ ಭಾಗಿಸಿ. 6 ಪರ್ಸೆಂಟಾದರೆ 12 ವರ್ಷ, 8 ಆದರೆ 9 ವರ್ಷ. ಲೂಕಾ ಪಾಚೋಲಿ ಎಂಬ ಇಟಲಿಯ ಗಣಿತಜ್ಞ 1494ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಐನೂರು ವರ್ಷದ ಸೂತ್ರ, ಇವತ್ತಿಗೂ ನನ್ನ ಕೈ ಬಿಟ್ಟಿಲ್ಲ.

ಆಮೇಲೆ ಮನೆಯ ಬೆಲೆ ಬೇರೆ, ಮನೆಗೆ ಹೋಗುವ ಖರ್ಚು ಬೇರೆ. ನೋಂದಣಿ, ತೆರಿಗೆ, ವಕೀಲರ ಫೀ, ಬ್ಯಾಂಕಿನ ಪ್ರೋಸೆಸಿಂಗ್ ಫೀ, ವಿಮೆ, ಸಾಮಾನು ಸಾಗಣೆ, ಪರದೆ, ಗೀಸರ್, ನಲ್ಲಿ ರಿಪೇರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಮನೆ ಸಾಲದಲ್ಲಿ ಜಾಗ ಇರುವುದಿಲ್ಲ, ಕೈಯಿಂದಲೇ ಹೋಗಬೇಕು. ಒಂದೊಂದು ಕಡೆ ಒಂದೊಂದು ದರ, ನಿಮ್ಮ ಕಡೆಯದನ್ನು ಕೇಳಿ ತಿಳಿದುಕೊಳ್ಳಿ. ತಿಳಿಯುವ ತನಕ ಬೆಲೆಯ ಹತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. 134ರಲ್ಲಿ ಅದು 13.

27 ಮತ್ತು 13 ಸೇರಿ 40. ಇವತ್ತಿನ ಬೆಲೆಯ 40 ಪರ್ಸೆಂಟ್. ಎದೆ ಧಸಕ್ ಅಂತಾ? ಅನ್ನಲಿ. ಈಗ ಅಂದರೆ ಐದು ವರ್ಷ ಕೈಯಲ್ಲಿದೆ. ನೀವು ನೋಡುತ್ತಿರುವ ಮನೆಗಿಂತ ಒಂದು ಕೋಣೆ ಕಮ್ಮಿ ಇರುವುದನ್ನು ನೋಡಬಹುದು, ಇನ್ನೂ ಎರಡು ವರ್ಷ ಮುಂದೆ ಹಾಕಬಹುದು, ಬಾಡಿಗೆ ಕಮ್ಮಿ ಇರುವ ಕಡೆ ಹೋಗಬಹುದು. ಪ್ರತಿ ವರ್ಷ ಒಂದು ದಿನ ಗೊತ್ತು ಮಾಡಿಕೊಂಡು, ಆ ದಿನ ಅಂಥದೇ ಮನೆಯ ಅವತ್ತಿನ ಬೆಲೆ ವಿಚಾರಿಸಿ ಗುರಿ ತಿದ್ದಿಕೊಳ್ಳಿ.

ಅಕ್ಕಾ, ನನಗೆ 34, ಒಬ್ಬಳೇ ಇದ್ದೇನೆ. ಆರು ವರ್ಷ ಕಷ್ಟಪಟ್ಟು ಮನೆಗೆ ಅಂತ ದುಡ್ಡು ಕೂಡಿಸಿದ್ದೇನೆ. ಈಗ ಅಣ್ಣ ವ್ಯಾಪಾರಕ್ಕೆ ಬೇಕು, ಒಂದು ವರ್ಷದಲ್ಲಿ ವಾಪಸ್ ಕೊಡ್ತೀನಿ ಅಂತಿದ್ದಾನೆ. ‘ದುಡ್ಡು ಸುಮ್ನೆ ಬ್ಯಾಂಕಲ್ಲಿ ಬಿದ್ದಿದೆಯಲ್ಲ, ಅಣ್ಣನಿಗಿಂತ ಹೆಚ್ಚಾ?’ ಅಂತ ಅಮ್ಮ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ನಿಮ್ಮ ಪತ್ರ ಓದಿ ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ ತಂಗಿ. ಯಾಕೆ ಅಂತ ಹೇಳುತ್ತೇನೆ.

ನಾವು ದುಡ್ಡು ಕೂಡಿಸಲು ಶುರು ಮಾಡಿ ಐದನೇ ವರ್ಷ. ಹತ್ತಿರದ ನೆಂಟರೊಬ್ಬರು ಮನೆಗೆ ಬಂದರು. ಒಳ್ಳೆಯವರು, ನಮ್ಮ ಮಗುವನ್ನು ಎತ್ತಿ ಆಡಿಸಿದವರು. ಅವರಿಗೆ ನಿಜವಾಗಿಯೂ ಕಷ್ಟ ಇತ್ತು. ‘ಆರು ತಿಂಗಳು’ ಅಂದರು. ನಾನೇ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದೆ. ದಿನವೂ ಬೇರೆಯವರಿಗೆ ‘ಮುರಿಸಬೇಡಿ’ ಅಂತ ಹೇಳುವವಳು ಅವತ್ತು ಕೌಂಟರಿನ ಈಚೆ ನಿಂತು ಸಹಿ ಮಾಡಿದೆ. ಕಾಗದ ಇಲ್ಲ, ತಾರೀಖು ಇಲ್ಲ. ಆರು ತಿಂಗಳು ಮೂರು ವರ್ಷವಾಯಿತು. ದುಡ್ಡು ತುಂಡು ತುಂಡಾಗಿ ಬಂತು, ಹಾಗೆ ಬಂದದ್ದು ಖರ್ಚಾಗಿಯೂ ಹೋಯಿತು. ನಾವು ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಯಿತು. ಅದಕ್ಕಿಂತ ನೋವಾದದ್ದು, ಆ ನೆಂಟರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಕೊಡಲಾಗದ ಸಂಕೋಚ ಅವರಿಗೆ, ಕೇಳಲಾಗದ ಸಂಕೋಚ ನಮಗೆ.

ಹಾಗಂತ ಕೊಡಲೇಬೇಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಣ್ಣ ಅಣ್ಣನೇ. ನಾನು ಇವತ್ತು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ವಾಪಸ್ ಬಾರದೇ ಹೋದರೂ ಅಣ್ಣನ ಮೇಲೆ ಮುನಿಸು ಬಾರದಷ್ಟು ಮೊತ್ತ ಯಾವುದು ಅಂತ ಯೋಚಿಸುತ್ತಿದ್ದೆ. ಎರಡು ತಿಂಗಳ ಉಳಿತಾಯವೋ ಮೂರು ತಿಂಗಳದ್ದೋ, ಅಷ್ಟನ್ನು ಪ್ರೀತಿಯಿಂದ ಕೊಡುತ್ತಿದ್ದೆ. ಸಾಲವಾಗಿ ಬೇಡ, ಕೊಟ್ಟೇಬಿಡುತ್ತಿದ್ದೆ. ಮನೆಯ ದುಡ್ಡನ್ನು ಮುಟ್ಟುತ್ತಿರಲಿಲ್ಲ.

ಅಮ್ಮನಿಗೆ ಉತ್ತರ ಹೇಳುವುದು ಕಷ್ಟ, ಗೊತ್ತು. ಬ್ಯಾಂಕಿನಲ್ಲಿ ಇರುವ ದುಡ್ಡು ಎಲ್ಲರ ಕಣ್ಣಿಗೂ ಸುಮ್ನೆ ಬಿದ್ದ ಹಾಗೆಯೇ ಕಾಣುತ್ತದೆ. ಮನೆಯಾಗಿ ನಿಂತಿದ್ದರೆ ‘ಒಂದು ಗೋಡೆ ಕಿತ್ತು ಕೊಡು’ ಅಂತ ಯಾರೂ ಕೇಳುತ್ತಿರಲಿಲ್ಲ ಅಲ್ವಾ? ಅದನ್ನೇ ಹೇಳಿ: ‘ಅಮ್ಮಾ, ಅದು ದುಡ್ಡಲ್ಲ, ಅರ್ಧ ಕಟ್ಟಿದ ಮನೆ.’ ಕೂಗಾಡದೆ, ಅಳದೆ, ಒಂದೇ ಸಲ ಹೇಳಿ. ಆಮೇಲೆ ಆ ದುಡ್ಡು ಸುಲಭವಾಗಿ ಕೈಗೆ ಬಾರದ ಹಾಗೆ ಎಫ್‌ಡಿಗೆ ಹಾಕಿ. ‘ಎಫ್‌ಡಿಯಲ್ಲಿದೆ, ಅವಧಿಗೆ ಮೊದಲು ಮುರಿಸುವುದಿಲ್ಲ’ ಅನ್ನೋದು ಆಗ ಸುಳ್ಳಾಗುವುದಿಲ್ಲ. ಪಾಸ್‌ಬುಕ್ ಎಲ್ಲರ ಕಣ್ಣಿಗೆ ಬೀಳುವ ಕಪಾಟಿನಲ್ಲಿ ಬೇಡ.

ಮತ್ತೆ, ಒಬ್ಬಳೇ ಇರುವವಳಿಗೆ ಮನೆ ಯಾಕೆ ಅಂತ ಯಾರೋ ಕೇಳಿದರು ಅಂತಲೂ ಬರೆದಿದ್ದೀರಿ. ಒಬ್ಬರೇ ಇರುವವರಿಗೇ ಸ್ವಂತ ಬಾಗಿಲು ಜಾಸ್ತಿ ಬೇಕು. ಕೂಡಿಸುತ್ತಾ ಹೋಗಿ.

ನಾವು ಮೂವರು ಗೆಳೆಯರು. ಒಂದೇ ಖಾತೆಯಲ್ಲಿ ಸೇರಿ ಉಳಿಸಿ, ಒಬ್ಬೊಬ್ಬರಾಗಿ ಮನೆ ತಗೊಳ್ಳೋಣ ಅಂತ ಯೋಚನೆ. ಸರಿ ಹೋಗುತ್ತಾ?

ಯೋಚನೆ ಒಳ್ಳೆಯದು, ಹಳೆಯದೂ ಹೌದು. 1775ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಕೆಟ್ಲಿ ಎಂಬವರ ಹೋಟೆಲಿನಲ್ಲಿ ಜನ ಹೀಗೇ ಸೇರಿ ಒಂದು ಸಂಘ ಮಾಡಿದರು. ಪ್ರತಿಯೊಬ್ಬರೂ ತಿಂಗಳಿಗೆ ಇಷ್ಟು ಅಂತ ಹಾಕುವುದು, ಕೂಡಿದ ದುಡ್ಡಿನಲ್ಲಿ ಒಬ್ಬೊಬ್ಬರಿಗಾಗಿ ಮನೆ ಆಗುವುದು. ಅಂಥ ಸಂಘಗಳು ಎಲ್ಲರಿಗೂ ಮನೆಯಾದ ಮೇಲೆ ಮುಚ್ಚುತ್ತಿದ್ದವು. ‘ಬಿಲ್ಡಿಂಗ್ ಸೊಸೈಟಿ’ಗಳು ಶುರುವಾದದ್ದು ಹೀಗೆ.

ಆದರೆ ಅವು ನಡೆದದ್ದು ನಿಯಮ ಬರೆದಿಟ್ಟುಕೊಂಡು. ನಿಮ್ಮಲ್ಲಿ ಮೊದಲ ಮನೆ ಪಡೆದವರು ಆಮೇಲೂ ಹಾಕುತ್ತಾರೆ ಅಂತ ಏನು ಖಾತ್ರಿ? ಒಬ್ಬರ ಕೆಲಸ ಹೋದರೆ? ಮೂವರೂ ಬೇರೆ ಬೇರೆ ಖಾತೆಯಲ್ಲೇ ಉಳಿಸಿ. ತಿಂಗಳಿಗೊಮ್ಮೆ ಸೇರಿ ಮೂರು ಪಾಸ್‌ಬುಕ್ ಮೇಜಿನ ಮೇಲಿಡಿ. ಗೆಳೆತನದ ಆ ಒತ್ತಾಸೆ ಸಾಕು. ದುಡ್ಡು ಬೆರೆಸುವುದು ಬೇಡ.

ನನಗೆ 46. ಈಗ ಶುರು ಮಾಡಿದರೆ ತಡವಾಯಿತಾ?

ತಡವಾಗಿಲ್ಲ ಅಂತ ಸುಮ್ಮನೆ ಸಮಾಧಾನ ಹೇಳಲಾರೆ. ನಿಮ್ಮ ಲೆಕ್ಕ 27ರ ಹುಡುಗನ ಲೆಕ್ಕ ಅಲ್ಲ. ನಿವೃತ್ತಿಯ ಹೊತ್ತಿಗೆ ಸಾಲ ತೀರಬೇಕು. ನಾಲ್ಕು ವರ್ಷ ಕೂಡಿಸಿ 50ಕ್ಕೆ ತಗೊಂಡರೆ, ಕಟ್ಟಲು ಸಿಗುವುದು 10, 12 ವರ್ಷ.

9 ಪರ್ಸೆಂಟ್ ಬಡ್ಡಿಯಲ್ಲಿ 1 ಲಕ್ಷ ಸಾಲಕ್ಕೆ 20 ವರ್ಷಕ್ಕಾದರೆ ತಿಂಗಳ ಕಂತು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 150. ಕೊನೆಗೆ ಕಟ್ಟಿದ್ದು ಒಟ್ಟು 2 ಲಕ್ಷದ 16 ಸಾವಿರ. ಅದೇ ಸಾಲ 12 ವರ್ಷಕ್ಕಾದರೆ ಕಂತು 1,138, ಒಟ್ಟು 1 ಲಕ್ಷದ 64 ಸಾವಿರ. ಅಂದರೆ ನಿಮಗೆ ತಿಂಗಳ ಭಾರ ಜಾಸ್ತಿ, ಒಟ್ಟು ಬಡ್ಡಿ ಬಹಳ ಕಮ್ಮಿ. ವಯಸ್ಸು ನಿಮ್ಮನ್ನು ಒಳ್ಳೆಯ ಸಾಲದ ಕಡೆಗೇ ತಳ್ಳುತ್ತಿದೆ.

ಅದಕ್ಕೆ ನಿಮಗೆ ನನ್ನ ಸಲಹೆ ಇಷ್ಟು. ಕೈಯಿಂದ ಹಾಕುವುದು 20 ಅಲ್ಲ, 40 ಪರ್ಸೆಂಟ್ ಇರಲಿ, ಮೇಲಿನ ಖರ್ಚು ಬೇರೆ. ಮನೆ ಚಿಕ್ಕದಿರಲಿ. ನಿವೃತ್ತಿಯ ದುಡ್ಡನ್ನು, ಪಿಎಫ್ ಆಗಲಿ ಪಿಂಚಣಿ ಆಗಲಿ, ಬರಿದು ಮಾಡಬೇಡಿ. ಗೋಡೆ ಮಾರಿ ಔಷಧಿ ತರಲಾಗುವುದಿಲ್ಲ. ಮತ್ತೆ ಮೊದಲ ಪತ್ರಕ್ಕೆ ಹೇಳಿದ ಕಂತಿನ ಅಭ್ಯಾಸ ನಿಮಗೆ ಎಲ್ಲರಿಗಿಂತ ಜಾಸ್ತಿ ಬೇಕು. ಒಂದು ವರ್ಷ ಆ ದೊಡ್ಡ ಕಂತನ್ನು ನಿಮ್ಮದೇ ಖಾತೆಗೆ ಕಟ್ಟಿ ನೋಡಿ. ಆಗದಿದ್ದರೆ ಬಾಡಿಗೆ ಮನೆಯಲ್ಲೇ ನೆಮ್ಮದಿಯಾಗಿರಿ, ಕೂಡಿದ ದುಡ್ಡು ಕೈಯಲ್ಲಿರುತ್ತದೆ. ಅದರಲ್ಲಿ ಸೋಲು ಏನೂ ಇಲ್ಲ.

ಅಕ್ಕಾ, ಗುರಿ ಮುಟ್ಟಿತು! ಏಳು ವರ್ಷದ ದುಡ್ಡು ಖಾತೆಯಲ್ಲಿದೆ. ಮನೆಯೂ ಸಿಕ್ಕಿದೆ, ಕಾಗದವನ್ನು ವಕೀಲರಿಗೆ ತೋರಿಸಿಯೂ ಆಯಿತು. ಆದರೆ ಚೆಕ್ಕಿಗೆ ಸಹಿ ಹಾಕಲು ಕೈ ನಡುಗುತ್ತಿದೆ. ಎರಡು ಸಲ ಮುಂದೆ ಹಾಕಿದೆ. ಇದೇನು ಹುಚ್ಚು?

ಹುಚ್ಚಲ್ಲ. ಏಳು ವರ್ಷ ‘ಮುಟ್ಟಬಾರದು’ ಅಂತ ಕಾಪಾಡಿದ ದುಡ್ಡನ್ನು ಒಂದೇ ದಿನದಲ್ಲಿ ಕೊಡು ಅಂದರೆ ಕೈ ನಡುಗದೇ ಇರುತ್ತದಾ? ನಮ್ಮ ಯಜಮಾನರು ಚೆಕ್ ಬರೆದ ದಿನ ಅಕ್ಷರದಲ್ಲಿ ಮೊತ್ತ ಬರೆಯುವಾಗ ತಪ್ಪು ಮಾಡಿ, ಒಂದು ಹಾಳೆ ಹರಿದು ಮತ್ತೊಂದು ಬರೆದರು.

ಮೂರು ವಿಷಯ ನೋಡಿಕೊಳ್ಳಿ. ಚೆಕ್ ಹೋದ ಮೇಲೂ ಕಷ್ಟಕ್ಕೆ ಅಂತ ಇಟ್ಟ ಆ ಬೇರೆ ಪುಸ್ತಕ ಹಾಗೇ ಇರುತ್ತದಾ? ಕಂತಿನಷ್ಟು ದುಡ್ಡು ಒಂದು ವರ್ಷದಿಂದ ತಪ್ಪದೆ ಎತ್ತಿಡುತ್ತಿದ್ದೀರಾ? ಕಾಗದ ನೋಡಿದ್ದು ನಿಮ್ಮ ವಕೀಲರೇ, ಮಾರುವವರು ಕಳಿಸಿದವರು ಅಲ್ಲ ತಾನೇ? ಮೂರಕ್ಕೂ ಹೌದು ಅಂತಾದರೆ ನಾಳೆ ಬೆಳಿಗ್ಗೆ ಹೋಗಿ ಸಹಿ ಮಾಡಿ. ಖಾಲಿಯಾದ ಖಾತೆಯನ್ನು ಮುಚ್ಚಬೇಡಿ. ಬರುವ ತಿಂಗಳಿಂದ ಕಂತು ಅಲ್ಲಿಂದಲೇ ಹೋಗಲಿ. ಸಂಬಳದ ಮರುದಿನ ಅಲ್ಲಿಗೆ ದುಡ್ಡು ಹಾಕುವುದು ನಿಮಗೆ ಏಳು ವರ್ಷದಿಂದ ರೂಢಿಯಾಗಿದೆ.